ಸೆಸ್ನಾ 172ರಲ್ಲಿ ಆಲ್ಟರ್ನೇಟರ್ ಸತ್ತರೆ ಕೈಯಲ್ಲಿ ಉಳಿಯುವ ಹೊತ್ತು ಎಷ್ಟು? (ಬಾರಾಮತಿ–ಸೊಲ್ಲಾಪುರ ಹಾದಿ)

ನೀರಾದಂಡೆ, ಬಾರಾಮತಿ

ಎಲ್ಲರಿಗೂ ನಮಸ್ಕಾರ. ಬಾರಾಮತಿ–ಸೊಲ್ಲಾಪುರ–ಬಾರಾಮತಿ ಸೋಲೋ ಕ್ರಾಸ್‌ಕಂಟ್ರಿಗೆ (ಒಂಟಿಯಾಗಿ ಊರಿಂದೂರಿಗೆ ಹಾರುವ ತರಬೇತಿ ಹಾರಾಟ) ತಯಾರಿ ನಡೆದಿದೆ. ವಿಮಾನ ಸೆಸ್ನಾ 172 ಎಸ್, ಮೊದಲ ತಲೆಮಾರಿನದು. ಜಿ1000 ಎಂಬ ಪರದೆಗಳ ಪ್ಯಾನೆಲ್ ಇಲ್ಲ, ಮುಳ್ಳಿನ ಮೀಟರುಗಳ ಪ್ಯಾನೆಲ್. 28 ವೋಲ್ಟ್ ಸಿಸ್ಟಮ್, 60 ಆಂಪ್ ಆಲ್ಟರ್ನೇಟರ್ (ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬುವ ಯಂತ್ರ), 24 ವೋಲ್ಟ್ ಬ್ಯಾಟರಿ.

ಲೋ ವೋಲ್ಟೇಜ್ ಚೆಕ್‌ಲಿಸ್ಟ್ ಬಾಯಿಪಾಠವಾಗಿದೆ. ಆದರೆ ಅದರ ಕೊನೆಯ ಸಾಲು ಅನುಕೂಲವಾದ ಕೂಡಲೇ ಹಾರಾಟ ಮುಗಿಸಿ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುತ್ತದೆ. ಅನುಕೂಲ ಅಂದರೆ 10 ನಿಮಿಷವೋ ಒಂದು ಗಂಟೆಯೋ? ಬ್ಯಾಟರಿ ಒಂದೇ ಎಷ್ಟು ಹೊತ್ತು ಎಳೆಯುತ್ತದೆ ಎಂದು ಲೆಕ್ಕ ಹಾಕುವ ದಾರಿ ಇದೆಯೇ? ರೇಡಿಯೋ ಪೂರ್ತಿ ಹೋದರೆ ಸೊಲ್ಲಾಪುರಕ್ಕೆ ಮುಂದುವರಿಯುವುದೋ, ಬಾರಾಮತಿಗೆ ತಿರುಗುವುದೋ, ದೊಡ್ಡ ರನ್‌ವೇ ಅಂತ ಪುಣೆಯ ಲೋಹಗಾಂವ್ ಕಡೆ ಹೋಗುವುದೋ? ಯಾವ ಘಟ್ಟದಲ್ಲಿ ಹೊಲದಲ್ಲಿ ಇಳಿಯುವ ಮಾತು ಬರುತ್ತದೆ? ಬಲ್ಲವರು ಬಿಡಿಸಿ ಹೇಳಿದರೆ ಉಪಕಾರ.

---

ಜುಹೂ ಹ್ಯಾಂಗರ್, ಮುಂಬೈ

ಮೊದಲ ಒಂದು ಮಾತು ಗಟ್ಟಿ ಮಾಡಿಕೊಳ್ರಿ. ನಿಮ್ಮ ಐಓ-360 ಎಂಜಿನ್ ಬ್ಯಾಟರಿ ಮ್ಯಾಲೆ ಓಡೂದಿಲ್ಲ. ಕಿಡಿ ಕೊಡೂದು ಎರಡು ಮ್ಯಾಗ್ನೆಟೊ, ಎಂಜಿನ್ ತಿರಗೂತನಕ ಅವು ತಮ್ಮ ಕರೆಂಟ್ ತಾವ ಹುಟ್ಟಿಸಿಕೊಳ್ತಾವು. ಪೆಟ್ರೋಲ್ ದಬ್ಬೂದು ಎಂಜಿನ್‌ಗೇ ಹಚ್ಚಿದ ಪಂಪ್. ಕರೆಂಟಿನ ಆಕ್ಸಿಲರಿ ಪಂಪ್ ಇರೂದು ಸ್ಟಾರ್ಟ್ ಮುಂಚೆ ಪ್ರೈಮ್ ಮಾಡಾಕ, ಮತ್ತ ಎಂಜಿನ್ ಪಂಪ್ ಕೆಟ್ರ ಬದಲಿ ಅಂತ. ಮಾಸ್ಟರ್ ಸ್ವಿಚ್ ಪೂರ್ತಿ ಆಫ್ ಮಾಡಿದ್ರೂ ಪ್ರೊಪೆಲರ್ ನಿಲ್ಲೂದಿಲ್ಲ. ಕರೆಂಟ್ ಹೋತಂತ ಸಿಕ್ಕ ಹೊಲದಾಗ ಇಳಸೂದು ಬ್ಯಾಟರಿ ಸತ್ತಿದ್ದಕ್ಕಿಂತ ದೊಡ್ಡ ಅಪಘಾತ.

ಈಗ ಟೈಮಿನ ಲೆಕ್ಕ. ಈ ವಿಮಾನದ ಬ್ಯಾಟರಿ ಹೊಸದಿದ್ದಾಗ 12.75 ಆಂಪ್-ಅವರ್ (ಎಷ್ಟು ಆಂಪ್ ಎಷ್ಟು ತಾಸು ಕೊಡತೈತಿ ಅನ್ನೋ ಅಳತಿ). ಹಳೇ ಬ್ಯಾಟರಿ ಕೆಪ್ಯಾಸಿಟಿ ಟೆಸ್ಟ್‌ನ್ಯಾಗ ಶೇಕಡಾ 85 ಬಂದ್ರೂ ಪಾಸ್ ಆಗತೈತಿ (ಕೆಲವು ತಯಾರಕರು 80 ಅಂತಾರ). ಅಂದ್ರ ನೀವು ನಂಬಬೇಕಾದ್ದು ಸುಮಾರು 10.8. ಎಲ್ಲಾ ಹಚ್ಚಿಕೊಂಡು 20 ಆಂಪ್ ಎಳೀತಿದ್ರ ಕಾಗದದ ಮ್ಯಾಲೆ 32 ನಿಮಿಷ. ಖರೇ ಅಂದ್ರ ಅದಕ್ಕಿಂತ ಕಡಿಮಿ, ಯಾಕಂದ್ರ ಲೆಡ್-ಆಸಿಡ್ ಬ್ಯಾಟರಿಯಿಂದ ಜೋರಾಗಿ ಎಳೆದಷ್ಟೂ ಅದು ಕೊಡೋ ಒಟ್ಟು ಪ್ರಮಾಣ ಇಳೀತೈತಿ. ಅದ ಬ್ಯಾಟರಿಯಿಂದ 5 ಆಂಪ್ ಮಾತ್ರ ಎಳೆದ್ರ ಎರಡು ತಾಸು ದಾಟತೈತಿ. ಬ್ಯಾಟರಿ ಎಷ್ಟು ದೊಡ್ಡದು ಅನ್ನೂದಕ್ಕಿಂತ ನೀವು ಎಷ್ಟು ಲಗೂನ ಸ್ವಿಚ್ ಆಫ್ ಮಾಡ್ತೀರಿ ಅನ್ನೂದರ ಮ್ಯಾಲೆ ನಿಂತೈತಿ.

ಯಾವ ಸ್ವಿಚ್ ಎಷ್ಟು ತಿನ್ನತೈತಿ ಅಂತ ನೀವ ಲೆಕ್ಕ ಹಾಕಬಹುದು: ವಾಟ್ ಭಾಗಿಸು 28. ಲ್ಯಾಂಡಿಂಗ್ ಲೈಟ್ ಬಲ್ಬ್ 250 ವಾಟ್ ಇದ್ರ ಹತ್ರಹತ್ರ 9 ಆಂಪ್, ಅದೊಂದ. ಪಿಟೋ ಹೀಟ್ (ವೇಗ ಅಳೆಯೋ ಕೊಳವಿ ಬಿಸಿ ಮಾಡೂದು), ಟ್ಯಾಕ್ಸಿ ಲೈಟ್, ನ್ಯಾವ್ ಲೈಟ್, ಸ್ಟ್ರೋಬ್ ಇವೂ ಹಸಿದ ಹೊಟ್ಟೆಗಳು. ಬಿಸಿ ಮಾಡೂದು, ಬೆಳಕು ಕೊಡೂದು, ಮೋಟರ್ ತಿರಗಸೂದು ಈ ಮೂರು ಜಾತಿ ಬಹಳ ತಿಂತಾವು. ರೇಡಿಯೋ ಕೇಳೂದಕ್ಕ ಒಂದು ಆಂಪ್ ಆಸುಪಾಸು ಸಾಕು, ಆದ್ರ ಬಟನ್ ಒತ್ತಿ ಮಾತಾಡಿದಾಗ ಅದರ ನಾಲ್ಕೈದು ಪಟ್ಟು. ಅದಕ್ಕ ಮಾತು ಚುಟುಕಿರಲಿ. ಐಪ್ಯಾಡ್ ಚಾರ್ಜಿಂಗ್ ವೈರ್ ಕಿತ್ತು ಹಾಕ್ರಿ, ಅದನ್ನ ಎಲ್ಲಾರೂ ಮರೀತಾರ.

ಗೊತ್ತಾಗೂದು ತಡ ಆದ್ರ ಏನಾಗತೈತಿ ನೋಡ್ರಿ. 25 ಆಂಪ್ ಲೋಡಿನಾಗ 10 ನಿಮಿಷ ಗಮನಿಸದ ಹೋದ್ರ 4.2 ಆಂಪ್-ಅವರ್ ಹೋತು, ಇದ್ದದ್ದರಾಗ ಹತ್ತರಲ್ಲಿ ನಾಲ್ಕು ಪಾಲು. ಪ್ಯಾನೆಲ್‌ನ ವೋಲ್ಟ್ಸ್ ದೀಪ ಹತ್ತೂದು 24.5 ವೋಲ್ಟ್ ಕೆಳಗ ಬಂದಾಗ. ಬ್ಯಾಟರಿ ತುಂಬಿದ್ದು, ಲೋಡ್ ಕಡಿಮಿ ಇದ್ರ ಆ ದೀಪ ತಡಾ ಮಾಡತೈತಿ. ಅಮ್ಮೀಟರ್ (ಬ್ಯಾಟರಿಗೆ ಕರೆಂಟ್ ಬರಾಕತ್ತೈತೋ ಹೋಗಾಕತ್ತೈತೋ ತೋರಸೋ ಮೀಟರ್) ಮಾತ್ರ ಸುಳ್ಳು ಹೇಳೂದಿಲ್ಲ: ಆಲ್ಟರ್ನೇಟರ್ ಬಿದ್ದ ಗಳಿಗ್ಗೇ ಮುಳ್ಳು ಎಡಕ್ಕ ಹೋಗತೈತಿ. ಐದೈದು ನಿಮಿಷಕ್ಕೊಮ್ಮೆ ಕಣ್ಣು ಅಲ್ಲಿ ಹಾಯಿಸ್ರಿ. ಆದ್ರ ಪೈಪರ್ ಹಾರಸಾವ್ರು ಇದನ್ನ ಹಂಗ ಎತ್ತಿಕೊಳ್ಳಬ್ಯಾಡ್ರಿ. ಬಹಳಷ್ಟು ಪೈಪರ್ ಪಿಎ-28ರಾಗ ಇರೂದು ಲೋಡ್ ಮೀಟರ್, ಆಲ್ಟರ್ನೇಟರ್ ಎಷ್ಟು ಕೊಡಾಕತ್ತೈತಿ ಅಂತ ಅದು ತೋರಸತೈತಿ. ಸೆಸ್ನಾದಾಗ ಮುಳ್ಳು ಸೊನ್ನೆ ಹತ್ರ ಇದ್ರ ಎಲ್ಲಾ ಚಲೋ ಅಂತ ಅರ್ಥ, ಪೈಪರ್‌ನ್ಯಾಗ ಸೊನ್ನೆ ಅಂದ್ರ ಆಲ್ಟರ್ನೇಟರ್ ಸತ್ತೈತಿ.

ಯಾಕ ಕೆಡತೈತಿ? ಬಹಳ ಸಲ ಆಲ್ಟರ್ನೇಟರ್ ಒಳಗ ಏನೂ ಆಗಿರೂದಿಲ್ಲ. ಅದನ್ನ ತಿರಗಸೋ ಬೆಲ್ಟ್ ಸಡಲಾಗಿರತೈತಿ ಇಲ್ಲಾ ಹರದಿರತೈತಿ. ಈ ಎಂಜಿನ್‌ನ್ಯಾಗ ಬೆಲ್ಟ್ ಇರೂದು ಪ್ರೊಪೆಲರ್ ಹಿಂದ, ಹೊಸಾದು ಹಾಕಬೇಕಂದ್ರ ಪ್ರೊಪೆಲರ್ ಬಿಚ್ಚಬೇಕು. ಅದಕ್ಕ "ಇನ್ನೊಂದು ಇನ್ಸ್‌ಪೆಕ್ಷನ್‌ಗೆ ನೋಡೂಣು" ಅಂತ ಮುಂದ ಹಾಕೋ ಚಟ ಹ್ಯಾಂಗರ್‌ಗಳಾಗ ಐತಿ, ಕೆಟ್ಟ ಚಟ. ಎರಡನೇದು ಫೀಲ್ಡ್ ವೈರ್. ಆಲ್ಟರ್ನೇಟರ್ ಹಿಂದ ಎಫ್ ಅಂತ ಬರೆದ ಟರ್ಮಿನಲ್‌ಗೆ ಬರೋ ಸಣ್ಣ ವೈರ್, ಕ್ರಿಂಪ್ ಮಾಡಿದ ಜಾಗದಾಗ ನಡುಗಿ ನಡುಗಿ ಒಳಗಿಂದೊಳಗ ತುಂಡಾಗತೈತಿ, ಮ್ಯಾಲಿನ ಇನ್ಸುಲೇಷನ್ ಮಾತ್ರ ನೆಟ್ಟಗ ಕಾಣತೈತಿ. ಹಿಡಿದು ಸಣ್ಣಗ ಎಳದ್ರ ಕೈಗೆ ಬರತೈತಿ. ಆಮ್ಯಾಲೆ ಸವದ ಬ್ರಷ್, ಸೀಳಿದ ಮೌಂಟಿಂಗ್ ಬ್ರ್ಯಾಕೆಟ್, ಸಡಲಾದ ಗ್ರೌಂಡ್ ಪಟ್ಟಿ, ಕೆಟ್ಟ ಕಂಟ್ರೋಲ್ ಯೂನಿಟ್ (ವೋಲ್ಟೇಜ್ ಹಿಡಿತದಾಗ ಇಡೋ ಪೆಟ್ಟಿಗಿ). ಒಂದ ಡಯೋಡ್ ಹೋಗಿದ್ರ ಚಾರ್ಜ್ ಪೂರ್ತಿ ನಿಲ್ಲೂದಿಲ್ಲ, ಆದ್ರ ಹೆಡ್‌ಸೆಟ್‌ನ್ಯಾಗ ಒಂದು ಕುಂಯ್ ಸಪ್ಪಳ ಬರತೈತಿ, ಆರ್‌ಪಿಎಂ ಏರಿದಂಗ ಸಪ್ಪಳಾನೂ ಏರತೈತಿ. ಅದನ್ನ ರೇಡಿಯೋ ದೋಷ ಅಂತ ಬರೀಬ್ಯಾಡ್ರಿ.

ಹಾರೂಕಿಂತ ಮುಂಚೆ ಮಾಡೋದು: ಕೀ ಕೈಯಾಗ, ಮ್ಯಾಗ್ನೆಟೊ ಆಫ್ ಅಂತ ಖಾತ್ರಿ ಮಾಡಿಕೊಂಡು ಮುಂದಿನ ಗಾಳಿ ಕಿಂಡಿಯಾಗ ಟಾರ್ಚ್ ಹಾಕ್ರಿ. ಬೆಲ್ಟ್ ಅಂಚು ಜುಂಜಾಗಿದ್ರ, ಸೀಳಿದ್ರ, ಒಳಗ ಕರೀ ರಬ್ಬರ್ ಪುಡಿ ಬಿದ್ದಿದ್ರ ಎಂಜಿನಿಯರ್‌ಗೆ ಕರೀರಿ. ರನ್-ಅಪ್‌ನ್ಯಾಗ (ಹಾರೂ ಮುಂಚಿನ ಎಂಜಿನ್ ಪರೀಕ್ಷೆ) 1800 ಆರ್‌ಪಿಎಂನ್ಯಾಗ ಲ್ಯಾಂಡಿಂಗ್ ಲೈಟ್ ಮೂರ್ನಾಲ್ಕು ಸೆಕೆಂಡ್ ಹಚ್ಚಿ ಅಮ್ಮೀಟರ್ ನೋಡ್ರಿ. ಮುಳ್ಳು ಸೊನ್ನೆಯಿಂದ ತನ್ನ ದಪ್ಪದಷ್ಟರ ಒಳಗ ಉಳೀಬೇಕು. ಎಡಕ್ಕ ಹೋಗಿ ಅಲ್ಲೇ ಕುಂತ್ರ ಹಾರಬ್ಯಾಡ್ರಿ.

---

ಬಲಗಡೆ ಸೀಟು, ಪುಣೆ

ಹ್ಯಾಂಗರ್‌ನವರು ಹೇಳಿದ ಲೆಕ್ಕಕ್ಕೆ ನನ್ನ ಪೂರ್ತಿ ಸಹಮತ. ಕಾಕ್‌ಪಿಟ್ ಕಡೆಯ ಮಾತು ಸೇರಿಸುತ್ತೇನೆ.

ಮುಳ್ಳು ಎಡಕ್ಕೆ ಹೋಗಿದೆ ಅಥವಾ ದೀಪ ಹತ್ತಿದೆ ಅನ್ನಿ. ಮೊದಲು ವಿಮಾನ ಹಾರಿಸಿ: ಎತ್ತರ, ದಿಕ್ಕು, ಟ್ರಿಮ್. ಆಮೇಲೆ ಎರಡು ಭಾಗದ ಮಾಸ್ಟರ್ ಸ್ವಿಚ್‌ನ ಆಲ್ಟ್ (ಆಲ್ಟರ್ನೇಟರ್) ಅರ್ಧ ಮಾತ್ರ ಆಫ್ ಮಾಡಿ, ಆಲ್ಟ್ ಫೀಲ್ಡ್ ಸರ್ಕಿಟ್ ಬ್ರೇಕರ್ ಹೊರಗೆ ಚಿಮ್ಮಿದೆಯೇ ನೋಡಿ, ಚಿಮ್ಮಿದ್ದರೆ ಒಳಗೆ ಒತ್ತಿ, ಆಲ್ಟ್ ಮತ್ತೆ ಆನ್ ಮಾಡಿ. ಇದರ ಹಿಂದಿನ ಕಾರಣ ತಿಳಿದಿರಲಿ. ವೋಲ್ಟೇಜ್ 32ರ ಹತ್ತಿರಕ್ಕೆ ಜಿಗಿದರೆ ಕಂಟ್ರೋಲ್ ಯೂನಿಟ್ ತಾನಾಗಿಯೇ ಆಲ್ಟರ್ನೇಟರನ್ನು ಕಡಿದುಹಾಕುತ್ತದೆ. ಒಂದು ಕ್ಷಣದ ಜಿಗಿತವಾಗಿದ್ದರೆ ಈ ಆಫ್-ಆನ್‌ನಲ್ಲಿ ಸರಿಹೋಗುತ್ತದೆ, ದೀಪ ಆರುತ್ತದೆ, ಮುಳ್ಳು ಬಲಕ್ಕೆ ಬರುತ್ತದೆ. ಇದನ್ನು ಮಾಡುವುದು ಒಂದೇ ಸಲ. ಮತ್ತೆ ಕಡಿದುಕೊಂಡರೆ ಅದಕ್ಕೆ ಕಾರಣ ಇದೆ ಎಂದು ಅರ್ಥ. ಹಟ ಹಿಡಿದು ಬ್ರೇಕರ್ ಒತ್ತುತ್ತಾ ಕೂತರೆ ಹೋಗುವುದು ರೇಡಿಯೋ, ಇಲ್ಲವೇ ಬ್ಯಾಟರಿ ಕುದಿದು ಆಸಿಡ್ ವಾಸನೆ ಬರುತ್ತದೆ. ಇನ್ನೂ ಕೆಟ್ಟರೆ ಹೊಗೆ.

ಸರಿಹೋಗಲಿಲ್ಲವೇ? ಆಲ್ಟ್ ಆಫ್ ಮಾಡಿ ಹಾಗೇ ಬಿಡಿ. ಲೈಟು, ಪಿಟೋ ಹೀಟ್, ಎರಡನೇ ರೇಡಿಯೋ ಆಫ್. ಈ ಕೆಲಸವನ್ನು ರೇಡಿಯೋದಲ್ಲಿ ಮಾತಾಡುವುದಕ್ಕಿಂತ ಮೊದಲೇ ಮುಗಿಸಿ, ಒಟ್ಟು ಅರ್ಧ ನಿಮಿಷದ ಮಾತು. ಆಮೇಲೆ ಒಂದೇ ಕರೆಯಲ್ಲಿ ಎಲ್ಲ ಹೇಳಿಬಿಡಿ: ಎಲ್ಲಿದ್ದೀರಿ, ಎಷ್ಟು ಎತ್ತರ, ಆಲ್ಟರ್ನೇಟರ್ ಹೋಗಿದೆ, ರೇಡಿಯೋ ನಿಲ್ಲಬಹುದು, ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಗಂಟೆಗೆ ತಲುಪುತ್ತೀರಿ. ರೇಡಿಯೋ ಸತ್ತ ಮೇಲೆ ಆ ಒಂದು ಕರೆಯೇ ನಿಮ್ಮ ಪರವಾಗಿ ಕೆಲಸ ಮಾಡುವುದು.

ಇನ್ನು ನಿಮ್ಮ ಹಾದಿ. ಬಾರಾಮತಿಯಿಂದ ಸೊಲ್ಲಾಪುರ ನೇರಕ್ಕೆ ಸುಮಾರು 85 ನಾಟಿಕಲ್ ಮೈಲಿ. ಗಾಳಿ ಇಲ್ಲದ ದಿನ 105 ನಾಟ್‌ನಲ್ಲಿ 48 ನಿಮಿಷ. ಅಂದರೆ ನಟ್ಟನಡುವೆ ಕೆಟ್ಟರೂ ಯಾವುದಾದರೂ ಒಂದು ತುದಿ 25 ನಿಮಿಷಕ್ಕಿಂತ ಹತ್ತಿರ. ಲೋಡ್ ಇಳಿಸಿದ ಬ್ಯಾಟರಿಗೆ ಅದು ಧಾರಾಳ. ಅರ್ಧ ದಾಟಿಲ್ಲವೇ, ತಿರುಗಿ ಮನೆಗೆ. ದಾಟಿದ್ದರೆ ಸೊಲ್ಲಾಪುರ. ಗಾಳಿಯ ಪ್ರಕಾರ ಆ ಅರ್ಧದ ಬಿಂದು ಅತ್ತಿತ್ತ ಸರಿಯುತ್ತದೆ, ನೆಲದ ಮೇಲಿದ್ದಾಗಲೇ ನಕ್ಷೆಯಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಲೋಹಗಾಂವ್ ಮಾತು ಬಿಟ್ಟುಬಿಡಿ: ಅದು ನಿಮ್ಮ ಹಾದಿಯ ಬೆನ್ನಿಗಿದೆ, ವಾಯುಪಡೆಯ ನೆಲೆ, ಏರ್‌ಲೈನ್ ಜೆಟ್‌ಗಳ ಓಡಾಟ ಬೇರೆ. ರೇಡಿಯೋ ಇಲ್ಲದ ಸಣ್ಣ ವಿಮಾನ ಹೋಗಿ ನುಗ್ಗುವ ಜಾಗವಲ್ಲ, ಬೇರೆ ಗತಿ ಇರುವಾಗಲಂತೂ ಅಲ್ಲ.

ಜಿಪಿಎಸ್ ಆರಿದರೂ ಈ ಹಾದಿಯಲ್ಲಿ ದಾರಿ ತಪ್ಪುವುದು ಕಷ್ಟ. ಹೋಗುವಾಗ ಎಡಗಡೆ ಭೀಮಾ ನದಿಯ ಉಜನಿ ಹಿನ್ನೀರು, ಅದರ ಕೊನೆಗೆ ಅಣೆಕಟ್ಟು. ಇಂದಾಪುರ, ಟೆಂಭುರ್ಣಿ, ಮೋಹೋಳ ಹಿಡಿದು ರಾಷ್ಟ್ರೀಯ ಹೆದ್ದಾರಿ 65 ನಿಮ್ಮ ಎಡಕ್ಕೇ ಸೊಲ್ಲಾಪುರದ ತನಕ ಬರುತ್ತದೆ. ಮರಳುವಾಗ ಅದೇ ಹೆದ್ದಾರಿಯನ್ನು ಬಲಕ್ಕಿಟ್ಟುಕೊಂಡು ಇಂದಾಪುರದ ತನಕ ಬನ್ನಿ, ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ಉತ್ತರ ಹಿಡಿದರೆ ಬಾರಾಮತಿ. ಮ್ಯಾಗ್ನೆಟಿಕ್ ಕಂಪಾಸ್‌ಗೆ ಕರೆಂಟ್ ಬೇಡ.

ಯಾವುದು ನಡೆಯುತ್ತದೆ, ಯಾವುದು ಸಾಯುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ವೇಗ, ಎತ್ತರ, ವರ್ಟಿಕಲ್ ಸ್ಪೀಡ್ ನಡೆಯುತ್ತವೆ. ಆಟಿಟ್ಯೂಡ್ ಮತ್ತು ಹೆಡಿಂಗ್ ಇಂಡಿಕೇಟರ್ (ವಿಮಾನದ ಓಲು ಮತ್ತು ದಿಕ್ಕು ತೋರಿಸುವವು) ನಿಮ್ಮ ವಿಮಾನದಲ್ಲಿ ವ್ಯಾಕ್ಯೂಮ್‌ನವು, ನಡೆಯುತ್ತವೆ. ಆರ್‌ಪಿಎಂ ಮೀಟರ್ ನಡೆಯುತ್ತದೆ. ಸ್ಟಾಲ್ ಹಾರ್ನ್ (ವೇಗ ತೀರಾ ಇಳಿದಾಗ ಎಚ್ಚರಿಸುವ ಸದ್ದು) ಕೂಡ ನಡೆಯುತ್ತದೆ, ಸೆಸ್ನಾದಲ್ಲಿ ಅದು ಗಾಳಿಯಿಂದ ಊದುವ ಪೀಪಿ. ಸಾಯುವುದು ಟರ್ನ್ ಕೋಆರ್ಡಿನೇಟರ್ (ತಿರುವು ತೋರಿಸುವ ಮೀಟರ್), ಆಯಿಲ್ ಮೀಟರುಗಳು, ಫ್ಲ್ಯಾಪ್ (ನಿಧಾನಕ್ಕೆ ಇಳಿಯಲು ರೆಕ್ಕೆಯ ಹಿಂಬದಿಯಲ್ಲಿ ಬಾಗುವ ಹಲಗೆ), ಮತ್ತು ಎದೆ ಧಸಕ್ಕೆನಿಸುವಂಥದ್ದು ಫ್ಯೂಯಲ್ ಗೇಜ್. ಎರಡೂ ಟ್ಯಾಂಕಿನ ಮುಳ್ಳು ಒಟ್ಟಿಗೆ ಖಾಲಿಗೆ ಬೀಳುತ್ತದೆ, ಜೊತೆಗೆ ಆಯಿಲ್ ಪ್ರೆಶರ್ ಮುಳ್ಳೂ. ಎಂಜಿನ್ ಸದ್ದು ಬದಲಾಗಿಲ್ಲ, ಆರ್‌ಪಿಎಂ ಕದಲಿಲ್ಲ ಅಂದರೆ ಅದು ಕರೆಂಟಿನ ಸುಳ್ಳು. ಹೊರಡುವಾಗ ಡಿಪ್‌ಸ್ಟಿಕ್‌ನಲ್ಲಿ ಅಳೆದ ಇಂಧನ ಮತ್ತು ಕೈಗಡಿಯಾರ, ಇವೆರಡನ್ನೇ ನಂಬಿ.

ಫ್ಲ್ಯಾಪ್ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ: ಇಳಿಸಬೇಡಿ. ಮೋಟರ್ ಉಳಿದ ಬ್ಯಾಟರಿಯನ್ನು ಕುಡಿಯುತ್ತದೆ ಎನ್ನುವುದು ಚಿಕ್ಕ ಕಾರಣ. 30 ಡಿಗ್ರಿ ಇಳಿದ ಮೇಲೆ ಕರೆಂಟ್ ಹೋದರೆ ಅದು ಅಲ್ಲೇ ನಿಲ್ಲುತ್ತದೆ ಎನ್ನುವುದು ದೊಡ್ಡ ಕಾರಣ. ಆಗ ರನ್‌ವೇ ಮೇಲೆ ನಾಯಿಯೋ ಎಮ್ಮೆಯೋ ಬಂದು ಗೋ-ಅರೌಂಡ್ (ಇಳಿಯದೆ ಮತ್ತೆ ಏರುವುದು) ಮಾಡಬೇಕಾದರೆ ವಿಮಾನ ಏರುವುದೇ ಕಷ್ಟ. ಫ್ಲ್ಯಾಪ್ ಇಲ್ಲದೆ ಫೈನಲ್‌ನಲ್ಲಿ (ರನ್‌ವೇಗೆ ನೇರ ಇಳಿಯುವ ಕೊನೆಯ ಹಂತ) 65ರಿಂದ 75 ನಾಟ್, ನಡುವೆ 70 ಹಿಡಿಯಿರಿ. ಶಾರ್ಟ್-ಫೀಲ್ಡ್ (ಚಿಕ್ಕ ರನ್‌ವೇ) ಲ್ಯಾಂಡಿಂಗ್ ಪಟ್ಟಿಯ ದೂರಕ್ಕೆ ಶೇಕಡಾ 35 ಸೇರಿಸಿ ಎಂದು ಕೈಪಿಡಿ ಹೇಳುತ್ತದೆ. ಪಟ್ಟಿ 1,400 ಅಡಿ ಎಂದರೆ 1,890 ಅಡಿ. ನೀವು ಇಳಿಯುವ ಎರಡೂ ಕಡೆ ರನ್‌ವೇ ಅದಕ್ಕಿಂತ ಎಷ್ಟೋ ಉದ್ದ. ಮೂಗು ಎಂದಿಗಿಂತ ಮೇಲೆ ಇರುತ್ತದೆ, ಫ್ಲೇರ್‌ನಲ್ಲಿ (ನೆಲ ತಾಗುವ ಮುಂಚೆ ಮೂಗು ಎತ್ತುವಾಗ) ತೇಲುತ್ತದೆ, ಅವಸರದಲ್ಲಿ ಕೆಳಗೆ ಒತ್ತಿದರೆ ಮೂಗಿನ ಚಕ್ರ ಮೊದಲು ತಾಗಿ ಪುಟಿಯುತ್ತದೆ. ಸೋಲೋ ಮುಂಚೆ ಬೋಧಕರ ಜೊತೆ ಫ್ಲ್ಯಾಪ್ ಇಲ್ಲದ ಲ್ಯಾಂಡಿಂಗ್ ನಾಲ್ಕಾದರೂ ಮಾಡಿ.

---

ಗೋಪುರದ ಗಾಜು, ಗೋವಾ

ನೆಲದ ಮೇಲಿನವರ ಕಡೆಯಿಂದ ಒಂದಿಷ್ಟು.

ಬ್ಯಾಟರಿ ಇರುವಾಗಲೇ ಟ್ರಾನ್ಸ್‌ಪಾಂಡರ್‌ಗೆ (ರೇಡಾರ್‌ಗೆ ಗುರುತು ಹೇಳುವ ಯಂತ್ರ) 7600 ಹಾಕಿ, ಅದು ರೇಡಿಯೋ ಕೆಟ್ಟಿದೆ ಎನ್ನುವ ಸಂಕೇತ. ರೇಡಿಯೋ ಸತ್ತ ಮೇಲೆ ಹಾಕೋಣ ಎಂದು ಕಾದರೆ ಟ್ರಾನ್ಸ್‌ಪಾಂಡರ್ ಕೂಡ ಅದೇ ಬ್ಯಾಟರಿಯಲ್ಲಿ ಸತ್ತಿರುತ್ತದೆ. ಹೊಗೆ, ಬೆಂಕಿ, ಎಂಜಿನ್ ತೊಂದರೆ ಸೇರಿಕೊಂಡರೆ ತುರ್ತು ಸಂಕೇತ 7700. ಮಾತಾಡುತ್ತಿದ್ದ ಫ್ರೀಕ್ವೆನ್ಸಿಯಲ್ಲಿ ಉತ್ತರ ಬಾರದಿದ್ದರೆ ತುರ್ತು ಫ್ರೀಕ್ವೆನ್ಸಿ 121.5ರಲ್ಲಿ ಕುರುಡಾಗಿ ಹೇಳಿ. ನಿಮಗೆ ಕೇಳಿಸುತ್ತಿಲ್ಲ ಎಂದರೆ ನಮಗೂ ಕೇಳಿಸುತ್ತಿಲ್ಲ ಎಂದೇನಲ್ಲ. ಅದಕ್ಕೂ ಮುನ್ನ ಹೆಡ್‌ಸೆಟ್ ಜ್ಯಾಕ್ ಅಲುಗಿಸಿ, ಪಕ್ಕದ ಸೀಟಿನ ಜ್ಯಾಕ್‌ಗೆ ಚುಚ್ಚಿ, ಸ್ಪೀಕರ್ ಹಾಕಿ, ಹಿಂದಿನ ಫ್ರೀಕ್ವೆನ್ಸಿಗೆ ಹೋಗಿ ನೋಡಿ. ರೇಡಿಯೋ ಸತ್ತಿದೆ ಎಂಬ ದೂರುಗಳಲ್ಲಿ ಅನೇಕವು ಸಡಿಲ ಜ್ಯಾಕ್ ಅಥವಾ ತಿರುಗಿಹೋದ ವಾಲ್ಯೂಮ್ ಗುಂಡಿ.

ನಮ್ಮಲ್ಲಿ ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ಮತ್ತು ಎಡಿಸಿ (ವಾಯು ರಕ್ಷಣಾ ಅನುಮತಿ) ನಂಬರ್ ತೆಗೆದುಕೊಂಡು ಹೊರಡುತ್ತೀರಲ್ಲ, ಅದಕ್ಕೆ ಅರ್ಥ ಇದೆ. ಆ ನಂಬರಿನ ವಿಮಾನ ಈ ಹಾದಿಯಲ್ಲಿ ಈ ಹೊತ್ತಿಗೆ ಇರುತ್ತದೆ ಎಂದು ವಾಯು ರಕ್ಷಣೆಯವರಿಗೆ ಗೊತ್ತಿರುತ್ತದೆ. ಟ್ರಾನ್ಸ್‌ಪಾಂಡರ್ ಇಲ್ಲದ ಚುಕ್ಕೆ ಸಲ್ಲಿಸಿದ ಹಾದಿಯ ಮೇಲೆ ಕಂಡರೆ ನೀವೇ ಇರಬೇಕು ಎಂದು ಊಹಿಸಬಹುದು, ಲೋಹಗಾಂವ್ ಅಥವಾ ನೌಕಾಪಡೆಯ ದಾಬೋಳಿ ಕಡೆ ಅಡ್ಡಾದಿಡ್ಡಿ ಬಂದರೆ ಊಹೆಗೆ ಜಾಗ ಇಲ್ಲ. ಹಗಲಿನ ವಿಎಫ್‌ಆರ್‌ನಲ್ಲಿ (ಕಣ್ಣಿನಿಂದ ನೋಡಿ ಹಾರುವ ನಿಯಮ) ರೇಡಿಯೋ ಹೋದರೆ ನಿಯಮ ಇಷ್ಟೇ: ಕಣ್ಣಿಗೆ ಕಾಣುವ ಹವಾಮಾನದಲ್ಲೇ ಇರಿ, ಹತ್ತಿರದ ತಕ್ಕ ವಿಮಾನ ನಿಲ್ದಾಣದಲ್ಲಿ ಇಳಿಯಿರಿ, ಇಳಿದ ಕೂಡಲೇ ಯಾವುದು ಬೇಗ ಸಿಗುತ್ತದೋ ಆ ದಾರಿಯಲ್ಲಿ ಎಟಿಸಿಗೆ (ವಿಮಾನ ಸಂಚಾರ ನಿಯಂತ್ರಣ) ತಿಳಿಸಿ. ಅಂದರೆ ಮೊಬೈಲ್. ಎರಡೂ ತುದಿಯ ಫೋನ್ ನಂಬರ್ ನೀಬೋರ್ಡ್ (ತೊಡೆಗೆ ಕಟ್ಟುವ ಬರೆಯುವ ಹಲಗೆ) ಮೇಲೆ ಪೆನ್ಸಿಲಿನಲ್ಲಿ ಬರೆದಿರಲಿ, ಸತ್ತ ಟ್ಯಾಬ್ಲೆಟ್‌ನೊಳಗೆ ಅಲ್ಲ. ಬರಬೇಕಾದ ಹೊತ್ತಿಗೆ ಸುದ್ದಿ ಬಾರದೆ 30 ನಿಮಿಷ ಕಳೆದರೆ ಅನಿಶ್ಚಿತ ಹಂತ ಶುರು, ಅಲ್ಲಿಂದ ಹುಡುಕಾಟದ ಯಂತ್ರ ಕದಲುತ್ತದೆ.

ಗೋಪುರ (ಕಂಟ್ರೋಲ್ ಟವರ್) ಇರುವ ಕಡೆ ಬೆಳಕಿನ ಸಂಕೇತ ನೋಡಿ. ಹಾರುತ್ತಿರುವಾಗ ನಿಂತ ಹಸಿರು ಎಂದರೆ ಇಳಿಯಬಹುದು, ಮಿನುಗುವ ಹಸಿರು ಎಂದರೆ ಇಳಿಯಲು ಮರಳಿ ಬನ್ನಿ. ಈ ಎರಡನ್ನು ಅದಲುಬದಲು ಮಾಡಿಕೊಳ್ಳುವವರೇ ಹೆಚ್ಚು: ಮಿನುಗುವ ಹಸಿರು ಕಂಡಾಗ ಇಳಿಯಬಾರದು, ನಿಂತ ಹಸಿರು ಬರುವ ತನಕ ಕಾಯಬೇಕು. ನಿಂತ ಕೆಂಪು ಎಂದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರಿ. ಮಿನುಗುವ ಕೆಂಪು ಎಂದರೆ ನಿಲ್ದಾಣ ಸುರಕ್ಷಿತವಲ್ಲ, ಇಳಿಯಬೇಡಿ. ಮಿನುಗುವ ಬಿಳಿ ಎಂದರೆ ಇಲ್ಲೇ ಇಳಿದು ಏಪ್ರನ್‌ಗೆ ಬನ್ನಿ. ಕಂಡಿತು ಎಂದು ತೋರಿಸಲು ರೆಕ್ಕೆ ಅಲುಗಿಸಿ, ಬೇಸ್ (ಫೈನಲ್‌ಗೆ ತಿರುಗುವ ಮುಂಚಿನ ಅಡ್ಡ ಹಾದಿ) ಮತ್ತು ಫೈನಲ್‌ನಲ್ಲಿ ಅದು ಬೇಡ. ಮಧ್ಯಾಹ್ನದ ಬಿಸಿಲಲ್ಲಿ ಆ ದೀಪ ಮಂಕು, ಗೋಪುರದ ಗಾಜಿಗೇ ಕಣ್ಣು ನೆಟ್ಟಿದ್ದರೆ ಮಾತ್ರ ಕಾಣುತ್ತದೆ. ಸಂಕೇತ ಕೊಡುವವರೇ ಇಲ್ಲದ ಏರ್‌ಫೀಲ್ಡ್‌ಗಳಲ್ಲಿ ಸರ್ಕಿಟ್‌ಗಿಂತ (ಇಳಿಯುವ ವಿಮಾನಗಳು ರನ್‌ವೇ ಸುತ್ತ ಹಾರುವ ಹಾದಿ) ಮೇಲಿಂದ ಹಾದು, ವಿಂಡ್‌ಸಾಕ್ ನೋಡಿ, ಯಾರು ಯಾವ ಕಡೆ ಸುತ್ತುತ್ತಿದ್ದಾರೆ ನೋಡಿಕೊಂಡು, ಪೂರ್ತಿ ಡೌನ್‌ವಿಂಡ್ (ರನ್‌ವೇಗೆ ಸಮಾನಾಂತರವಾದ ಹಾದಿ) ಹಾರಿ ಬನ್ನಿ. ಸುತ್ತದೆ ನೇರ ನುಗ್ಗುವ ಅವಸರದ ಸ್ಟ್ರೈಟ್-ಇನ್ ಬೇಡ.

ಮುಂಬೈ ಕಡೆಯವರಿಗೆ ಒಂದು ಪಕ್ಕಮಾತು: ಜುಹೂವನ್ನು ಗುರಿ ಮಾಡಿಕೊಂಡರೆ ರನ್‌ವೇಯನ್ನು ಎರಡೆರಡು ಸಲ ಗುರುತಿಸಿ. ದೊಡ್ಡ ವಿಮಾನ ನಿಲ್ದಾಣ ಪಕ್ಕದಲ್ಲೇ ಇದೆ, ರನ್‌ವೇ ದಿಕ್ಕುಗಳೂ ಹತ್ತಿರ ಹತ್ತಿರ. 1972ರಲ್ಲಿ ಜಪಾನ್ ಏರ್‌ಲೈನ್ಸ್‌ನ ಡಿಸಿ-8 ಜೆಟ್ಟೇ ತಪ್ಪಿ ಜುಹೂದಲ್ಲಿ ಇಳಿದು ರನ್‌ವೇ ದಾಟಿ ಹೋಗಿತ್ತು. ರೇಡಿಯೋ ಇಲ್ಲದ ಸೆಸ್ನಾ ಅದರ ತದ್ವಿರುದ್ಧ ತಪ್ಪು ಮಾಡಿದರೆ ಎದುರಿಗೆ ಬರುವುದು ಏರ್‌ಬಸ್.

---

ನೀರಾದಂಡೆ, ಬಾರಾಮತಿ

ಎಲ್ಲರಿಗೂ ಧನ್ಯವಾದ ಸರ್. ಎರಡು ಅನುಮಾನ ಉಳಿದಿವೆ. ಮಾಸ್ಟರ್ ಪೂರ್ತಿ ಆಫ್ ಮಾಡಿ, ನಿಲ್ದಾಣ 5 ಮೈಲಿ ಇದ್ದಾಗ ಮತ್ತೆ ಆನ್ ಮಾಡಿದರೆ ಬ್ಯಾಟರಿ ಪೂರ್ತಿ ಉಳಿಯುವುದಿಲ್ಲವೇ? ಇನ್ನೊಂದು, ನಮ್ಮ ಬ್ಯಾಚಿನ ಕೆಲವರು ಡೈಮಂಡ್ ಕಂಪನಿಯ ಡಿಎ40 ವಿಮಾನ ಹಾರಿಸುತ್ತಾರೆ. ಎಂಜಿನ್‌ಗೆ ಕರೆಂಟ್ ಬೇಡ ಎಂಬ ಮಾತು ಅವರಿಗೂ ಸರಿಯೇ?

---

ಜುಹೂ ಹ್ಯಾಂಗರ್, ಮುಂಬೈ

ಮಾಸ್ಟರ್ ಆಫ್ ಮಾಡ್ರಿ ಅಂತೇನಿ ನಾನು. ಹಗಲು, ಆಕಾಶ ನಿಚ್ಚಳ, ಹಾದಿ ಗೊತ್ತಿದ್ದದ್ದು, ಹೇಳಬೇಕಾದ್ದು ಹೇಳಿ ಮುಗದೈತಿ. ಮತ್ಯಾಕ ಸುಮ್ನ ಸುರದು ಕಳೀಬೇಕು? ಬ್ಯಾಟರಿ ಕಂಟ್ಯಾಕ್ಟರ್ (ಬ್ಯಾಟರಿ ಜೋಡಿಸೋ ಕರೆಂಟಿನ ಸ್ವಿಚ್) ಕಾಯಿಲ್ ಹಿಡಕೊಂಡ ಕುಂದ್ರಾಕೂ ಕರೆಂಟ್ ಬೇಕು.

ಡಿಎ40 ಮಾತು ಬ್ಯಾರೆ. ಲೈಕಮಿಂಗ್ ಎಂಜಿನ್ ಇರೋ ಡಿಎ40ಕ್ಕ ಮ್ಯಾಗ್ನೆಟೊ ಲೆಕ್ಕ ನಡೀತೈತಿ. ಡೀಸೆಲ್ ಎಂಜಿನ್‌ನ ಡಿಎ40 ಎನ್‌ಜಿಗೆ ನಡಿಯೂದಿಲ್ಲ. ಅದರಾಗ ಇಂಧನ ಎಷ್ಟು, ಯಾವಾಗ ಅಂತ ನಿರ್ಧಾರ ಮಾಡೂದು ಇಸಿಯು ಅನ್ನೋ ಕಂಪ್ಯೂಟರ್, ಕರೆಂಟ್ ಇಲ್ಲಂದ್ರ ಎಂಜಿನ್ ನಿಲ್ಲತೈತಿ. ಅದಕ್ಕಂತ ಬ್ಯಾಕಪ್ ಬ್ಯಾಟರಿ ಇಟ್ಟಾರ, ಅದರ ಅವಧಿ ಕೈಪಿಡಿಯಾಗ ಐತಿ, ಅದನ್ನ ಬಾಯಿಪಾಠ ಮಾಡಬೇಕು. ಆ ವಿಮಾನದಾಗ ಆಲ್ಟರ್ನೇಟರ್ ಹೋತಂದ್ರ ಹತ್ರದ ರನ್‌ವೇ, ಮನಿ ಅಲ್ಲ.

2007ರಾಗ ಜರ್ಮನಿಯ ಸ್ಪೈಯರ್‌ನ್ಯಾಗ ಎರಡು ಡೀಸೆಲ್ ಎಂಜಿನ್‌ನ ಡಿಎ42 ಒಂದು ಹಿಂಗ ಬಿತ್ತು. ಬ್ಯಾಟರಿ ಇಳದಿತ್ತು, ಹೊರಗಿನ ಪವರ್ ಹಚ್ಚಿ ಎರಡೂ ಎಂಜಿನ್ ಸ್ಟಾರ್ಟ್ ಮಾಡಿದ್ರು. ಏರಿದ ಮ್ಯಾಲೆ ಚಕ್ರ ಎತ್ತೋ ಮೋಟರ್ ಕರೆಂಟ್ ಎಳದಾಗ ವೋಲ್ಟೇಜ್ ಕುಸಿದು ಎರಡೂ ಎಂಜಿನ್‌ನ ಕಂಪ್ಯೂಟರ್ ರೀಸೆಟ್ ಆದ್ವು, ಎರಡೂ ಎಂಜಿನ್ ಒಮ್ಮಿಗೇ ನಿಂತ್ವು. ಇದರಿಂದ ಸೆಸ್ನಾದವ್ರೂ ಕಲೀಬೇಕಾದ್ದು ಐತಿ: ಸತ್ತ ಬ್ಯಾಟರಿಗೆ ಟ್ರಾಲಿ ಹಚ್ಚಿ ಸ್ಟಾರ್ಟ್ ಮಾಡಿ ಹಾರಬ್ಯಾಡ್ರಿ. ಆಲ್ಟರ್ನೇಟರ್ ಚಾರ್ಜ್ ಮಾಡತೈತಿ ಬಿಡು ಅಂತೀರಿ, ಆದ್ರ ಅದ ಹಾರಾಟದಾಗ ಆಲ್ಟರ್ನೇಟರ್ ಹೋದ್ರ ಹಿಂದ ಏನೂ ಇಲ್ಲ. ವೋಲ್ಟ್‌ಮೀಟರ್ 24 ತೋರಿಸಿದ್ರ ಬ್ಯಾಟರಿ ಚಲೋ ಐತಿ ಅನ್ನೂದೂ ತಪ್ಪು. ಲೋಡ್ ಇಲ್ದ ತುಂಬಿದ ಬ್ಯಾಟರಿ 25.6ರ ಮ್ಯಾಲೆ ಇರತೈತಿ, 24 ಅಂದ್ರ ಅರ್ಧಕ್ಕೂ ಕಡಿಮಿ.

---

ಬಲಗಡೆ ಸೀಟು, ಪುಣೆ

ಮಾಸ್ಟರ್ ಆಫ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ, ವಿದ್ಯಾರ್ಥಿ ಸೋಲೋ ಹಾರಾಟಕ್ಕಂತೂ ಇಲ್ಲ. ಆಫ್ ಮಾಡಿದ ಕ್ಷಣ ನೀವು ರೇಡಾರ್‌ನಿಂದ ಮಾಯ. ಮತ್ತೆ ಆನ್ ಮಾಡುವಾಗ ಬ್ಯಾಟರಿ ತೀರಾ ಇಳಿದಿದ್ದರೆ ಕಂಟ್ಯಾಕ್ಟರ್ ಕೂರುವುದೇ ಇಲ್ಲ, ಆಗ ಉಳಿಸಿದ್ದೂ ಕೈಗೆ ಬರಲಿಲ್ಲ. 25 ನಿಮಿಷದ ಹಾದಿಗೆ ಒಂದು ರೇಡಿಯೋ, ಒಂದು ಟ್ರಾನ್ಸ್‌ಪಾಂಡರ್ ಬಿಟ್ಟುಕೊಂಡು ಹೋಗಿ, ಲೆಕ್ಕ ಸಾಲುತ್ತದೆ. ಒಂದು ಗಂಟೆ ದೂರ ಇದ್ದಾಗ ಹ್ಯಾಂಗರ್‌ನವರ ಮಾತು ಸರಿ. ಜಿ1000 ವಿಮಾನದಲ್ಲಿ ಇದನ್ನು ಮಾಡಲೇಬಾರದು, ಪರದೆಗಳು ಮತ್ತೆ ಎದ್ದು ನಿಲ್ಲುವ ತನಕ ಕೈಯಲ್ಲಿ ಇರುವುದು ಮೂರು ಸಣ್ಣ ಮೀಟರು. ಅಲ್ಲಿ ಮುಖ್ಯ ಬಸ್ (ಕರೆಂಟ್ ಹಂಚುವ ಪಟ್ಟಿ) 20 ವೋಲ್ಟ್‌ಗಿಂತ ಇಳಿದಾಗ ಸ್ಟ್ಯಾಂಡ್‌ಬೈ ಬ್ಯಾಟರಿ ತಾನಾಗಿಯೇ ಎಸೆನ್ಶಿಯಲ್ ಬಸ್ಸನ್ನು 30 ನಿಮಿಷ ಹೊರುತ್ತದೆ, ಬೆಳಗ್ಗೆ ಅದನ್ನು ಟೆಸ್ಟ್ ಸ್ಥಾನಕ್ಕೆ ಒತ್ತಿ ಹಸಿರು ದೀಪ ನೋಡಿದ್ದರೆ.

ಮಾಸ್ಟರ್ ಆಫ್ ಮಾಡಲೇಬೇಕಾದ ಸಂದರ್ಭ ಒಂದಿದೆ: ಹೊಗೆ ಅಥವಾ ಸುಟ್ಟ ಇನ್ಸುಲೇಷನ್ ವಾಸನೆ. ಆಗ ಯೋಚನೆ ಬೇಡ. ಮಾಸ್ಟರ್ ಆಫ್, ಗಾಳಿ ಕಿಂಡಿ ಮತ್ತು ಹೀಟ್ ಮುಚ್ಚಿ, ಅಗತ್ಯ ಬಿದ್ದರೆ ಎಕ್ಸ್‌ಟಿಂಗ್ವಿಶರ್, ಏವಿಯಾನಿಕ್ಸ್ ಆಫ್, ಉಳಿದ ಎಲ್ಲ ಸ್ವಿಚ್ ಆಫ್. ಮ್ಯಾಗ್ನೆಟೊ ಕೀ ಮಾತ್ರ ಮುಟ್ಟಬೇಡಿ, ಗಾಬರಿಯಲ್ಲಿ ಕೈ ಅಲ್ಲಿಗೆ ಹೋಗುವುದುಂಟು. ಬೆಂಕಿ ಆರಿದೆ ಎಂದು ಖಾತ್ರಿಯಾದ ಮೇಲೆ ಗಾಳಿ ಬಿಡಿ. ಹೊರಗೆ ಚಿಮ್ಮಿದ ಬ್ರೇಕರನ್ನು ಮತ್ತೆ ಒತ್ತಬೇಡಿ.

ಹೊಲದ ಪ್ರಶ್ನೆಗೆ ಉತ್ತರ ಉಳಿದಿತ್ತು. ಆರದ ಬೆಂಕಿ, ನಿಂತ ಎಂಜಿನ್, ಅಥವಾ ಕತ್ತಲಾಗುವ ಮೊದಲು ಯಾವ ರನ್‌ವೇಯೂ ಸಿಗದ ಸ್ಥಿತಿ, ಈ ಮೂರರಲ್ಲಿ ಮಾತ್ರ. ಮೂರನೆಯದು ಬರದಂತೆ ಹೊರಡುವ ಹೊತ್ತಿನಲ್ಲೇ ನೋಡಿಕೊಳ್ಳಬೇಕು: ಮರಳಿ ತಲುಪಿದ ಮೇಲೂ ಸೂರ್ಯಾಸ್ತಕ್ಕೆ ಒಂದು ಗಂಟೆ ಉಳಿಯುವಂತೆ. ನಿಮ್ಮ ಹಾದಿಯ ಹೊಲಗಳನ್ನು ಮೇಲಿಂದ ಓದಲು ಬರಬೇಕು. ಬಾರಾಮತಿ, ಇಂದಾಪುರದ ಸುತ್ತ ಮೆತ್ತಗಿನ ಹಸಿರು ಹಾಸಿಗೆಯಂತೆ ಕಾಣುವುದು ಕಬ್ಬು, ಎರಡಾಳೆತ್ತರ ಇರುತ್ತದೆ. ಸಾಲುಸಾಲಾಗಿ ಬೂದು ಕಂಬ ಕಂಡರೆ ದ್ರಾಕ್ಷಿ ತೋಟ, ಕಂಬಗಳ ನಡುವೆ ತಂತಿ. ಸೊಲ್ಲಾಪುರದ ಕಡೆ ಕೊಯ್ಲಾದ ಜೋಳದ ಹೊಲ ಒಳ್ಳೆಯದು. ಮಳೆಗಾಲದ ಎರೆ ಮಣ್ಣು ಬೇಡ, ಮೂಗಿನ ಚಕ್ರ ಹೂತು ವಿಮಾನ ಮಗುಚುತ್ತದೆ. ಗಾಳಿ ದಿಕ್ಕಿಗೆ ಸಕ್ಕರೆ ಕಾರ್ಖಾನೆ ಚಿಮಣಿಯ ಹೊಗೆಯಷ್ಟು ಚೆನ್ನಾದ ವಿಂಡ್‌ಸಾಕ್ ಇಲ್ಲ. ವಿದ್ಯುತ್ ತಂತಿ ಕಾಣುವುದಿಲ್ಲ, ಕಂಬ ಕಾಣುತ್ತದೆ. ಎರಡು ಕಂಬ ಕಂಡರೆ ನಡುವೆ ತಂತಿ ಇದ್ದೇ ಇದೆ. ಎಂಜಿನ್ ಇದ್ದರೆ ಒಮ್ಮೆ ಮೇಲಿಂದ ಹಾದು ನೋಡಿ ಆಮೇಲೆ ಇಳಿಯಿರಿ. ಸೀಟ್ ಬೆಲ್ಟ್ ಬಿಗಿ ಮಾಡಿ, ನೆಲ ತಾಗುವ ಮೊದಲು ಬಾಗಿಲ ಚಿಲಕ ತೆಗೆದಿಡಿ. ಇಎಲ್‌ಟಿಗೆ (ಬಿದ್ದ ಜಾಗ ತಿಳಿಸುವ ತುರ್ತು ಟ್ರಾನ್ಸ್‌ಮಿಟರ್) ಸ್ವಂತ ಬ್ಯಾಟರಿ ಇರುತ್ತದೆ, ಇಳಿದ ಮೇಲೆ ಕೈಯಿಂದ ಆನ್ ಮಾಡಿ.

---

ಜುಹೂ ಹ್ಯಾಂಗರ್, ಮುಂಬೈ

ಕಂಟ್ಯಾಕ್ಟರ್ ಮಾತು ಒಪ್ಪಿದೆ. ಸೋಲೋಕ್ಕ ನಿಮ್ಮ ಕ್ರಮಾನ ಇರಲಿ.

ಇಳಿದ ಮ್ಯಾಲಿಂದೊಂದು. ಟೆಕ್ ಲಾಗ್‌ನ್ಯಾಗ "ಆಲ್ಟರ್ನೇಟರ್ ಕೆಟ್ಟಿದೆ" ಅಂತ ಒಂದ ಸಾಲು ಬರೀಬ್ಯಾಡ್ರಿ, ಅದರಿಂದ ನಮಗೇನೂ ತಿಳಿಯೂದಿಲ್ಲ. ಎಷ್ಟು ಗಂಟೆಗೆ ಮುಳ್ಳು ಎಡಕ್ಕ ಹೋತು, ದೀಪ ಯಾವಾಗ ಹತ್ತಿತು, ಬ್ರೇಕರ್ ಚಿಮ್ಮಿತ್ತೋ ಇಲ್ಲೋ, ರೀಸೆಟ್ ಮಾಡಿದಾಗ ಎಷ್ಟು ಸೆಕೆಂಡ್ ನಿಂತಿತು, ಆಗ ಏನೇನು ಆನ್ ಇತ್ತು, ವಾಸನಿ ಬಂತೋ. ಬ್ರೇಕರ್ ಚಿಮ್ಮಿದ್ರ ಕಂಟ್ರೋಲ್ ಯೂನಿಟ್, ಫೀಲ್ಡ್ ಶಾರ್ಟ್ ಕಡೆ ಹೋಗ್ತೀವಿ, ಚಿಮ್ಮಿರದಿದ್ರ ಮೊದಲ ಬೆಲ್ಟ್, ಫೀಲ್ಡ್ ವೈರ್, ಬ್ರಷ್. ಅರ್ಧ ದಿನದ ಕೆಲಸ ಉಳೀತೈತಿ. ಮತ್ತ ಪೂರ್ತಿ ಇಳದ ಬ್ಯಾಟರಿನ ಚಾರ್ಜರ್‌ಗೆ ಹಚ್ಚಿ ಮರುದಿನ ಮುಂಜಾನೆ ಹಾಕಿಕೊಟ್ರ ತಗೋಬ್ಯಾಡ್ರಿ, ಕೆಪ್ಯಾಸಿಟಿ ಟೆಸ್ಟ್ ಆಗೇತೇನು ಅಂತ ಕೇಳಿ, ಕಾಗದ ನೋಡೇ ಸಹಿ ಹಾಕ್ರಿ.